ಐವತ್ತೊಂದು ಮಕ್ಕಳ ಶಾಲೆ ಮತ್ತು ಜೆಟ್ಸುನ್ ಪೆಮಾ

ಮೈಸೂರಿನಿಂದ ಮಡಿಕೇರಿಗೆ ಹೋಗುವ ದಾರಿಯಲ್ಲಿ, ಕುಶಾಲನಗರಕ್ಕೆ ಸ್ವಲ್ಪ ಮುಂಚೆ ಬೈಲಕುಪ್ಪೆ ಸಿಗುತ್ತದೆ. ನಮ್ಮಲ್ಲಿ ಬಹಳ ಮಂದಿ ಅಲ್ಲಿನ ಬಂಗಾರದ ಬಣ್ಣದ ಬುದ್ಧನ ವಿಗ್ರಹಗಳನ್ನು ನೋಡಿ ಬಂದವರೇ. ಚಳಿಗಾಲದಲ್ಲಿ ಪೇಟೆಗಳಲ್ಲಿ ಟಿಬೆಟನ್ನರು ಸ್ವೆಟರ್ ಅಂಗಡಿ ಹಾಕುವುದನ್ನೂ ನೋಡಿದ್ದೇವೆ. ಆದರೆ ನೆಲೆ ಕಳೆದುಕೊಂಡು ಬಂದ ಈ ಜನ ತಮ್ಮ ಮಕ್ಕಳನ್ನು ಹೇಗೆ ಓದಿಸಿದರು ಎಂಬ ಇತಿಹಾಸ ನಮ್ಮಲ್ಲಿ ಹೆಚ್ಚು ಜನರಿಗೆ ತಿಳಿದಿಲ್ಲ. ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸಂಚಿಕೆಗೆ ಅದೇ ತಕ್ಕ ವಿಷಯ ಎನಿಸಿತು. ಆ ಇತಿಹಾಸದ ಬಹುಭಾಗ ಜೆಟ್ಸುನ್ ಪೆಮಾ ಎಂಬ ಮಹಿಳೆಯ ಬದುಕಿನೊಂದಿಗೆ ಬೆರೆತಿದೆ.

ಚೀನಾದ ಸೇನೆ 1950ರಲ್ಲಿ ಟಿಬೆಟ್ಟನ್ನು ಪ್ರವೇಶಿಸಿತು. 1959ರ ಮಾರ್ಚ್‌ನಲ್ಲಿ ರಾಜಧಾನಿ ಲ್ಹಾಸಾದಲ್ಲಿ ಜನ ದಂಗೆ ಎದ್ದರು. ದಂಗೆಯನ್ನು ಸೇನೆ ಹತ್ತಿಕ್ಕಿತು. ದಲೈ ಲಾಮಾ ಹಿಮಾಲಯ ದಾಟಿ ಭಾರತಕ್ಕೆ ಬಂದರು. ಅವರ ಹಿಂದೆ ಸುಮಾರು 80,000 ಜನ ಬಂದರು. ಹಲವರಿಗೆ ಸಿಕ್ಕ ಮೊದಲ ಕೆಲಸ ಎಂದರೆ ಹಿಮಾಲಯದ ತಪ್ಪಲಿನಲ್ಲಿ ರಸ್ತೆ ಮಾಡುವ ಕೂಲಿ. ಗಂಡ ಹೆಂಡತಿ ಇಬ್ಬರೂ ಕಲ್ಲು ಒಡೆಯುತ್ತಿದ್ದರು. ಮಕ್ಕಳು ರಸ್ತೆ ಬದಿಯ ಡೇರೆಗಳಲ್ಲಿ ಇರುತ್ತಿದ್ದರು. ಎತ್ತರದ ಒಣ ಚಳಿಗೆ ಒಗ್ಗಿದ್ದ ದೇಹಗಳಿಗೆ ಇಲ್ಲಿನ ಸೆಕೆ, ಮಳೆ, ನೀರು ಯಾವುದೂ ಹಿಡಿಸಲಿಲ್ಲ. ಹೊಟ್ಟೆಗೆ ಸಾಲದ ಊಟ, ಕ್ಷಯ, ಭೇದಿ ಇವುಗಳಿಗೆ ಮೊದಲು ಬಲಿಯಾದವರು ಮಕ್ಕಳು.

1960ರ ಮೇ 17ರಂದು ಜಮ್ಮುವಿನ ರಸ್ತೆ ಕೆಲಸದ ಶಿಬಿರಗಳಿಂದ 51 ಮಕ್ಕಳು ಧರ್ಮಶಾಲಾಕ್ಕೆ ಬಂದರು. ಬಹುಪಾಲು ಮಕ್ಕಳು ಕಾಯಿಲೆ ಬಿದ್ದು ಸೊರಗಿದ್ದರು. ಇವರನ್ನು ನಾನು ನೋಡಿಕೊಳ್ಳುತ್ತೇನೆ ಎಂದು ಮುಂದೆ ಬಂದವರು ದಲೈ ಲಾಮಾ ಅವರ ಅಕ್ಕ ತ್ಸೆರಿಂಗ್ ಡೋಲ್ಮಾ. ಅಲ್ಲಿ ಶುರುವಾದದ್ದು ಶಾಲೆಯಲ್ಲ, ಒಂದು ಶಿಶುವಿಹಾರ. ಮಕ್ಕಳನ್ನು ಬದುಕಿಸಿಕೊಳ್ಳುವುದೇ ಅದರ ಮೊದಲ ಪಾಠವಾಗಿತ್ತು. ಸುದ್ದಿ ಹರಡಿದಂತೆ ಇನ್ನಷ್ಟು ಶಿಬಿರಗಳಿಂದ ಮಕ್ಕಳು ಬರತೊಡಗಿದರು. ಜಾಗ ಸಾಲದೆ ಮಕ್ಕಳನ್ನು ಮಂಚದ ಉದ್ದಕ್ಕೆ ಮಲಗಿಸದೆ ಅಡ್ಡಲಾಗಿ ಮಲಗಿಸುತ್ತಿದ್ದರು. ಹಾಗೆ ಮಾಡಿದರೆ ಒಂದು ಮಂಚದಲ್ಲಿ ಇನ್ನೂ ಕೆಲವು ಮಕ್ಕಳು ಹಿಡಿಯುತ್ತಿದ್ದರು.

ನಾಲ್ಕೂವರೆ ವರ್ಷ ಹೀಗೆ ದುಡಿದ ತ್ಸೆರಿಂಗ್ ಡೋಲ್ಮಾ 1964ರ ನವೆಂಬರ್‌ನಲ್ಲಿ ತೀರಿಕೊಂಡರು. ಯಾವುದೇ ಸಂಸ್ಥೆಯ ಬದುಕಿನಲ್ಲಿ ಇದಕ್ಕಿಂತ ಕಷ್ಟದ ಗಳಿಗೆ ಇಲ್ಲ. ಹುಟ್ಟುಹಾಕಿದವರ ಉತ್ಸಾಹದಲ್ಲಿ ನಡೆದದ್ದು ಅವರೊಂದಿಗೇ ನಿಂತುಹೋಗುವುದನ್ನು ನಾವು ಎಷ್ಟೋ ಕಡೆ ಕಂಡಿದ್ದೇವೆ. ಅಂದು ಆ ಜವಾಬ್ದಾರಿ ಬಿದ್ದದ್ದು ಕೊನೆಯ ತಂಗಿ ಜೆಟ್ಸುನ್ ಪೆಮಾ ಅವರ ಮೇಲೆ. ಆಗ ಅವರಿಗೆ 24 ವರ್ಷ.

ಪೆಮಾ ಹುಟ್ಟಿದ್ದು 1940ರಲ್ಲಿ, ಲ್ಹಾಸಾದಲ್ಲಿ. ಹತ್ತನೆಯ ವಯಸ್ಸಿಗೇ ಓದಲೆಂದು ಭಾರತಕ್ಕೆ ಬಂದು ಕಾಲಿಂಪಾಂಗ್ ಮತ್ತು ಡಾರ್ಜಿಲಿಂಗ್‌ನ ಕಾನ್ವೆಂಟ್‌ಗಳಲ್ಲಿ ಕಲಿತರು. ಅವರು ಇಲ್ಲಿ ಓದುತ್ತಿದ್ದಾಗಲೇ ಅಲ್ಲಿ ದೇಶ ಕೈತಪ್ಪಿತು. ವಿದ್ಯಾರ್ಥಿನಿಯಾಗಿ ಬಂದವರು ಊರಿಗೆ ಮರಳಲಾಗದ ನಿರಾಶ್ರಿತೆಯಾದರು. ಮುಂದೆ ಸ್ವಿಟ್ಜರ್ಲೆಂಡ್ ಮತ್ತು ಇಂಗ್ಲೆಂಡಿನಲ್ಲಿ ಓದಿ 1964ರಲ್ಲಿ ಹಿಂತಿರುಗಿದರು.

ದಲೈ ಲಾಮಾ ಅವರ ತಂಗಿ ಎಂಬ ಕಾರಣಕ್ಕೆ ಹುದ್ದೆ ಸಿಕ್ಕಿತು ಎಂದು ಯಾರಾದರೂ ಹೇಳಬಹುದು. ಅದರಲ್ಲಿ ಸುಳ್ಳೇನೂ ಇಲ್ಲ. ಆದರೆ ಮನೆತನ ಹುದ್ದೆ ಕೊಡಿಸಬಹುದೇ ಹೊರತು 42 ವರ್ಷ ಅದೇ ಕೆಲಸದಲ್ಲಿ ದುಡಿಸಲಾರದು. 1964ರಿಂದ 2006ರವರೆಗೆ ಪೆಮಾ ಆ ಸಂಸ್ಥೆಯನ್ನು ನಡೆಸಿದರು.

ಅವರ ಮುಂದಿದ್ದ ಮೊದಲ ಸಮಸ್ಯೆ ಹೀಗಿತ್ತು. ಶಿಶುವಿಹಾರದ ಮಕ್ಕಳಿಗೆ ಎಂಟು ವರ್ಷ ತುಂಬಿದ ಮೇಲೆ ಅವರನ್ನು ಭಾರತ ಸರ್ಕಾರ ಟಿಬೆಟನ್ನರಿಗಾಗಿ ತೆರೆದಿದ್ದ ವಸತಿ ಶಾಲೆಗಳಿಗೆ ಕಳಿಸುವ ಏರ್ಪಾಡಿತ್ತು. ಆ ಶಾಲೆಗಳು ಭರ್ತಿಯಾದವು. ಮಕ್ಕಳು ಮಾತ್ರ ಬರುತ್ತಲೇ ಇದ್ದರು. ಆದ್ದರಿಂದ ಶಿಶುವಿಹಾರವನ್ನೇ ಒಂದು ಊರಿನಂತೆ ಬೆಳೆಸಬೇಕಾಯಿತು. ದೊಡ್ಡ ಹಾಲ್‌ಗಳಲ್ಲಿ ಮಕ್ಕಳನ್ನು ತುಂಬುವ ಬದಲು ಚಿಕ್ಕ ಚಿಕ್ಕ ಮನೆಗಳು ಎದ್ದವು. ಒಂದೊಂದು ಮನೆಗೂ ಒಬ್ಬ ಸಾಕುತಾಯಿ, ಅವಳ ಜೊತೆ ಮೂವತ್ತರ ಆಸುಪಾಸಿನಲ್ಲಿ ಮಕ್ಕಳು. ದೊಡ್ಡವರು ಚಿಕ್ಕವರನ್ನು ನೋಡಿಕೊಳ್ಳಬೇಕು. ಅಡುಗೆ, ಕಸ, ಬಟ್ಟೆ ಎಲ್ಲದರಲ್ಲೂ ಕೈ ಹಾಕಬೇಕು. ಈ ಮಾದರಿಗೆ ವಿಯೆನ್ನಾದ ಎಸ್‌ಒಎಸ್ ಮಕ್ಕಳ ಗ್ರಾಮ ಸಂಸ್ಥೆಯ ನೆರವು ಸಿಕ್ಕಿತು. 1972ರಲ್ಲಿ ಸಂಸ್ಥೆ ‘ಟಿಬೆಟನ್ ಮಕ್ಕಳ ಗ್ರಾಮ’ ಎಂಬ ಹೆಸರಿನಲ್ಲಿ ನೋಂದಣಿಯಾಯಿತು. ಇತರರು ಮೊದಲು, ನಾನು ಆಮೇಲೆ ಎಂಬುದು ಅದರ ಧ್ಯೇಯವಾಕ್ಯ.

ಇಲ್ಲಿ ನಮ್ಮ ನಾಡಿನ ಪಾತ್ರವನ್ನೂ ನೆನೆಯಬೇಕು. ಅಂದಿನ ಮೈಸೂರು ಸರ್ಕಾರ ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ ಟಿಬೆಟನ್ನರಿಗೆ ಸುಮಾರು 3,000 ಎಕರೆ ಭೂಮಿ ಕೊಟ್ಟಿತು. 1960ರ ಕೊನೆಯಲ್ಲಿ ಮೊದಲ ತಂಡ ಬಂದು ಕಾಡು ಕಡಿದು, ಆನೆಗಳ ಕಾಟ ಸಹಿಸಿ, ಮುಸುಕಿನ ಜೋಳ ಬೆಳೆಯಿತು. ಮುಂದೆ ಮುಂಡಗೋಡ, ಹುಣಸೂರು, ಕೊಳ್ಳೇಗಾಲ ಕಡೆಗಳಲ್ಲೂ ಶಿಬಿರಗಳಾದವು. ದಲೈ ಲಾಮಾ ಅವರು ನಿಜಲಿಂಗಪ್ಪನವರ ಹೆಸರನ್ನು ಇಂದಿಗೂ ಕೃತಜ್ಞತೆಯಿಂದ ನೆನೆಯುತ್ತಾರೆ. ಪೆಮಾ ಅವರ ಸಂಸ್ಥೆ ಲಡಾಖ್ ಮೊದಲಾದ ಕಡೆ ಶಾಖೆ ತೆರೆದಂತೆ ಬೈಲಕುಪ್ಪೆಯಲ್ಲೂ 1980ರ ದಶಕದ ಆರಂಭದಲ್ಲಿ ಶಾಲೆ ತೆರೆಯಿತು.

1980ರಲ್ಲಿ ಪೆಮಾ ಅವರಿಗೆ ಹುಟ್ಟೂರನ್ನು ಮತ್ತೆ ನೋಡುವ ಅವಕಾಶ ಬಂತು. ಚೀನಾದ ಒಪ್ಪಿಗೆಯಿಂದ ದಲೈ ಲಾಮಾ ಅವರು ಟಿಬೆಟ್ಟಿಗೆ ಕಳಿಸಿದ ಮೂರನೆಯ ನಿಯೋಗಕ್ಕೆ ಅವರೇ ಮುಖ್ಯಸ್ಥೆ. ಅಲ್ಲಿನ ಶಿಕ್ಷಣ ಹೇಗಿದೆ ಎಂದು ನೋಡುವುದು ನಿಯೋಗದ ಕೆಲಸ. ಮೂವತ್ತು ವರ್ಷಗಳ ನಂತರ ಅವರು ತಮ್ಮ ಊರಿನ ಶಾಲೆಗಳನ್ನು ಹೊಕ್ಕು ನೋಡಿದರು. ಟಿಬೆಟನ್ ಮಕ್ಕಳಿಗೆ ದೊರೆಯುತ್ತಿದ್ದ ಶಿಕ್ಷಣವೂ ಅವರ ಭಾಷೆಗೆ ಇದ್ದ ಸ್ಥಾನವೂ ಅವರಿಗೆ ಸಮಾಧಾನ ತರಲಿಲ್ಲ. ಆ ಕಾಲದ ನಂತರ ಟಿಬೆಟ್ಟಿನ ಸಾವಿರಾರು ತಂದೆತಾಯಿಗಳು ತಮ್ಮ ಮಕ್ಕಳನ್ನು ಹಿಮದ ಕಣಿವೆಗಳ ದಾರಿಯಲ್ಲಿ ಈ ಶಾಲೆಗಳಿಗೆ ಕಳಿಸಿದರು. ಮತ್ತೆ ನೋಡುತ್ತೇವೋ ಇಲ್ಲವೋ ಎಂಬುದು ತಿಳಿಯದೆ ಮಗುವನ್ನು ಕಳಿಸಿಕೊಟ್ಟ ತಾಯಿಗೆ ಆ ಶಾಲೆಯ ಮೇಲಿದ್ದ ನಂಬಿಕೆ ಎಷ್ಟಿರಬೇಕು!

ಭಾಷೆಯ ಪ್ರಶ್ನೆಯಲ್ಲಿ ಈ ಶಾಲೆಗಳು ತೆಗೆದುಕೊಂಡ ನಿರ್ಧಾರವನ್ನು ಕನ್ನಡ ಮಾಧ್ಯಮದಲ್ಲಿ ಓದಿದ ನಾವು ವಿಶೇಷವಾಗಿ ಗಮನಿಸಬೇಕು. ಆರಂಭದಲ್ಲಿ ಚಿಕ್ಕ ತರಗತಿಗಳಲ್ಲೂ ಇಂಗ್ಲಿಷ್ ಮಾಧ್ಯಮವಿತ್ತು. 1980ರ ದಶಕದಲ್ಲಿ ಅದನ್ನು ಬದಲಿಸಿ ಪ್ರಾಥಮಿಕ ತರಗತಿಗಳಲ್ಲಿ ಗಣಿತ, ವಿಜ್ಞಾನವನ್ನೂ ಟಿಬೆಟನ್ ಭಾಷೆಯಲ್ಲೇ ಕಲಿಸತೊಡಗಿದರು. ಅದಕ್ಕೆ ಬೇಕಾದ ಪುಸ್ತಕಗಳನ್ನು ಹೊಸದಾಗಿ ಬರೆಯಬೇಕಾಯಿತು, ಪದಗಳನ್ನು ಹುಡುಕಬೇಕಾಯಿತು. ಮೇಲಿನ ತರಗತಿಗಳಲ್ಲಿ ಇಂಗ್ಲಿಷ್ ಇತ್ತು, ಹೊರಗಿನ ಪರೀಕ್ಷೆಗಳನ್ನೂ ಮಕ್ಕಳು ಬರೆದರು. ಮಕ್ಕಳು ಎರಡನ್ನೂ ಕಲಿಯಬಲ್ಲರು ಎಂದು ನಂಬಿ ಅವರು ಈ ಶ್ರಮ ತೆಗೆದುಕೊಂಡರು. ಸ್ವಂತ ನೆಲವಿಲ್ಲದ ಜನ ಮಾಡಿದ ಕೆಲಸ ಇದು. ನೆಲವೂ ಸರ್ಕಾರವೂ ಇರುವ ನಾವು ಈ ಬಗ್ಗೆ ಸ್ವಲ್ಪ ಯೋಚಿಸಬೇಕು.

1990ರಲ್ಲಿ ಪೆಮಾ ದೇಶಭ್ರಷ್ಟ ಟಿಬೆಟನ್ ಸರ್ಕಾರದ ಸಚಿವ ಸಂಪುಟಕ್ಕೆ ಆಯ್ಕೆಯಾದರು. ಆ ಸ್ಥಾನಕ್ಕೇರಿದ ಮೊದಲ ಮಹಿಳೆ ಅವರು. 1995ರಲ್ಲಿ ಟಿಬೆಟನ್ ಸಂಸತ್ತು ಅವರನ್ನು ‘ಟಿಬೆಟ್ಟಿನ ತಾಯಿ’ ಎಂದು ಗೌರವಿಸಿತು. ಮಕ್ಕಳು ಬಹಳ ಹಿಂದಿನಿಂದಲೂ ಅವರನ್ನು ‘ಅಮಾಲಾ’ ಎಂದರೆ ಅಮ್ಮ ಎಂದೇ ಕರೆಯುತ್ತಿದ್ದರು. ನಿವೃತ್ತಿಯ ನಂತರವೂ ಸುಮ್ಮನೆ ಕೂರದೆ, ಬೆಂಗಳೂರು–ಮೈಸೂರು ರಸ್ತೆಯ ಶೇಷಗಿರಿಹಳ್ಳಿಯಲ್ಲಿ ಟಿಬೆಟನ್ನರ ಉನ್ನತ ಶಿಕ್ಷಣ ಸಂಸ್ಥೆ ಕಟ್ಟುವ ಕೆಲಸಕ್ಕೆ ನಿಂತರು. 2018ರಲ್ಲಿ ಭಾರತದ ರಾಷ್ಟ್ರಪತಿಗಳಿಂದ ನಾರಿಶಕ್ತಿ ಪುರಸ್ಕಾರ ಸ್ವೀಕರಿಸಿದರು.

ಪ್ರಶಸ್ತಿಗಳಿಗಿಂತ ಮುಖ್ಯವಾದದ್ದು ಇನ್ನೊಂದಿದೆ. ಅಲ್ಲಿ ಬೆಳೆದ ಮಕ್ಕಳಲ್ಲಿ ಅನೇಕರು ಅದೇ ಶಾಲೆಗಳಿಗೆ ಶಿಕ್ಷಕರಾಗಿ, ದಾದಿಯರಾಗಿ, ಸಾಕುತಾಯಂದಿರಾಗಿ ಮರಳಿದರು. ಅಕ್ಕ ಹೋದಾಗ ತಂಗಿ ನಿಂತಳು. ತಂಗಿ ನಿವೃತ್ತಳಾಗುವ ಹೊತ್ತಿಗೆ ನಡೆಸಿಕೊಂಡು ಹೋಗಬಲ್ಲ ನೂರಾರು ಜನ ತಯಾರಾಗಿದ್ದರು. 1960ರ ಆ ಶಿಶುವಿಹಾರ ಇಂದಿಗೂ ಉಳಿದಿರುವುದು ಈ ಕಾರಣದಿಂದ.

ನಮ್ಮ ಶಾಲೆಗೂ ಜಾಗ ಕೊಟ್ಟವರು, ಕಲ್ಲು ಹೊತ್ತವರು, ಮೊದಲ ಪಾಠ ಹೇಳಿದವರು ಇದ್ದಾರೆ. ಅವರಲ್ಲಿ ಕೆಲವರು ಈಗ ನಮ್ಮೊಡನಿಲ್ಲ. ಅವರ ಕೆಲಸವನ್ನು ಮುಂದುವರಿಸುವ ಸರದಿ ಹಳೆಯ ವಿದ್ಯಾರ್ಥಿಗಳಾದ ನಮ್ಮದು. ವರ್ಷಕ್ಕೊಂದು ವಾರ ಊರಿಗೆ ಬಂದು ಗಣಿತವನ್ನೋ ಕಂಪ್ಯೂಟರನ್ನೋ ಹೇಳಿಕೊಡುವುದು, ಎಸ್‌ಎಸ್‌ಎಲ್‌ಸಿ ಮುಗಿಸಿ ಮುಂದಿನ ದಾರಿ ತೋಚದ ಒಬ್ಬ ಹುಡುಗಿಯ ಓದಿನ ಖರ್ಚು ನೋಡಿಕೊಳ್ಳುವುದು ನಮ್ಮ ಕೈಲಾಗದ ಕೆಲಸಗಳೇನಲ್ಲ. ಶತಮಾನೋತ್ಸವದ ಸಂಚಿಕೆಗೆ ಬರೆಯುವವರು ಇಂದು ಎಂಟನೆಯ ತರಗತಿಯಲ್ಲಿ ಕುಳಿತಿರುವ ಮಕ್ಕಳು. ನಾವು ಏನು ಮಾಡಿದೆವು ಎಂಬುದನ್ನು ಅವರು ಬರೆಯುತ್ತಾರೆ.