ಪ್ರಧಾನಿಯೇ ನಕ್ಕುಬಿಟ್ಟರೆ ಗೇಲಿ ಯಾರದ್ದು?

1984ರ ಜನವರಿ 20. ಲಂಡನ್ನಿನಲ್ಲಿ ಒಂದು ಪ್ರಶಸ್ತಿ ಸಮಾರಂಭ. ವೇದಿಕೆ ಮೇಲೆ ಮೂವರು ಪುಟ್ಟದೊಂದು ಸ್ಕಿಟ್ ಆಡ್ತಿದ್ದಾರೆ. ಅವರಲ್ಲಿ ಇಬ್ಬರು ವೃತ್ತಿಪರ ನಟರು. ಮೂರನೆಯವರು ಬ್ರಿಟನ್ ಪ್ರಧಾನಿ ಮಾರ್ಗರೆಟ್ ಥ್ಯಾಚರ್! ದೇಶದಲ್ಲಿ ಅರ್ಥಶಾಸ್ತ್ರಜ್ಞರನ್ನೇ ರದ್ದು ಮಾಡಿಬಿಡಿ ಅಂತ ಆಕೆ ಮಂತ್ರಿಗೂ ಅವನ ಕಾರ್ಯದರ್ಶಿಗೂ ಆದೇಶ ಕೊಡ್ತಾರೆ, ಅವರಿಬ್ಬರೂ ಕಕ್ಕಾಬಿಕ್ಕಿಯಾಗ್ತಾರೆ. ಕಥೆ ಇಷ್ಟೇ.

ಆ ಮಂತ್ರಿ, ಆ ಕಾರ್ಯದರ್ಶಿ ಇಬ್ಬರೂ ಬಿಬಿಸಿಯ 'ಯೆಸ್ ಮಿನಿಸ್ಟರ್' ಧಾರಾವಾಹಿಯ ಪಾತ್ರಗಳು. ಸರ್ಕಾರ ಹೇಗೆ ನಡೆಯುತ್ತೆ, ಅಂದ್ರೆ ಹೇಗೆ ನಡೆಯೋದೇ ಇಲ್ಲ ಅನ್ನೋದನ್ನು ಗೇಲಿ ಮಾಡೋಕೆ ಹುಟ್ಟಿದ ಧಾರಾವಾಹಿ ಅದು. ಆ ಸರ್ಕಾರದ ಮುಖ್ಯಸ್ಥೆಯೇ ಬಂದು ಅದರೊಳಗೆ ಪಾತ್ರ ಹಾಕಿದರೆ, ಗೇಲಿಗೊಳಗಾದವರು ಯಾರು ಸ್ವಾಮಿ? ಈ ಪ್ರಶ್ನೆಗೆ ಉತ್ತರ ಬೇಕಿದ್ದರೆ ಇಪ್ಪತ್ತೊಂದು ವರ್ಷ ಹಿಂದಕ್ಕೆ ಹೋಗಬೇಕು.

1962ರ ನವೆಂಬರ್. ಬಿಬಿಸಿಯಲ್ಲಿ 'ದಟ್ ವಾಸ್ ದ ವೀಕ್ ದಟ್ ವಾಸ್' ಅನ್ನೋ ಕಾರ್ಯಕ್ರಮ ಶುರುವಾಯ್ತು. ನಿರೂಪಕ ಡೇವಿಡ್ ಫ್ರಾಸ್ಟ್. ಶನಿವಾರ ರಾತ್ರಿ ಬರೋದು, ಆ ವಾರದ ರಾಜಕೀಯವನ್ನು ಹಿಂಡಿ ಒಣಹಾಕೋದು. ಪ್ರಧಾನಿ ಹೆರಾಲ್ಡ್ ಮ್ಯಾಕ್ಮಿಲನ್ ಅವರನ್ನೂ ಬಿಡಲಿಲ್ಲ. ವೀಕ್ಷಕರು ಇಬ್ಭಾಗವಾದರು. ಇಷ್ಟು ವರ್ಷಕ್ಕೆ ಟಿವಿಗೆ ಧೈರ್ಯ ಬಂತು ಅಂದವರು ಒಂದು ಕಡೆ, ಇದು ಅಧಿಕಪ್ರಸಂಗ ಅಂತ ದೂರು ಕೊಟ್ಟವರು ಇನ್ನೊಂದು ಕಡೆ. ಮ್ಯಾಕ್ಮಿಲನ್ ಮಾತ್ರ ಜಾಣ. ಕ್ರಮ ಕೈಗೊಳ್ಳೋಕೆ ಹೊರಟಿದ್ದ ತಮ್ಮ ಮಂತ್ರಿಯನ್ನೇ ತಡೆದರು. ಜನ ನಮ್ಮನ್ನು ಮರೆಯೋದಕ್ಕಿಂತ ನಮ್ಮನ್ನು ನೋಡಿ ನಗೋದು ವಾಸಿ ಅನ್ನೋದು ಅವರ ಲೆಕ್ಕ. ಆದರೂ ಆ ಕಾರ್ಯಕ್ರಮ 1963ರ ಡಿಸೆಂಬರ್‌ಗೆ ಮುಗೀತು. 1964 ಚುನಾವಣೆ ವರ್ಷ ಅನ್ನೋದು ಬಿಬಿಸಿ ಕೊಟ್ಟ ಕಾರಣ.

ಇದರಲ್ಲೊಂದು ಸೂಕ್ಷ್ಮ ಇದೆ ನೋಡಿ. ಚುನಾವಣೆ ಹೊತ್ತಲ್ಲಿ ನಗು ಅಪಾಯಕಾರಿ ಅನ್ನೋ ಭಯ ಆಗ ಇತ್ತು. ಅದೇ ಭಯ 'ಯೆಸ್ ಮಿನಿಸ್ಟರ್'ಗೂ ತಟ್ಟಿತು. 1979ರ ಚುನಾವಣೆಗೂ ಮುಂಚೆಯೇ ಮೊದಲ ಕಂತು ಸಿದ್ಧವಾಗಿತ್ತು. ಮತದಾನದ ಮೇಲೆ ಪ್ರಭಾವ ಬೀರುತ್ತೆ ಅಂತ ಬಿಬಿಸಿ ಅದನ್ನು ಎತ್ತಿಟ್ಟಿತು. ಪ್ರಸಾರ ಆಗಿದ್ದು 1980ರ ಫೆಬ್ರವರಿ 25ಕ್ಕೆ. ಅಷ್ಟೊತ್ತಿಗೆ ಥ್ಯಾಚರ್ ಗದ್ದುಗೆ ಏರಿಯಾಗಿತ್ತು.

ಬರೆದವರು ಆಂಟನಿ ಜೇ ಮತ್ತು ಜೊನಾಥನ್ ಲಿನ್. ಇಬ್ಬರ ರಾಜಕೀಯ ಒಲವು ಬೇರೆ ಬೇರೆ. ಮಾಹಿತಿ ಕೊಟ್ಟವರು ಸಾಮಾನ್ಯರಲ್ಲ. ಹೆರಾಲ್ಡ್ ವಿಲ್ಸನ್ ಪ್ರಧಾನಿಯಾಗಿದ್ದಾಗ ಅವರ ಕಚೇರಿಯಲ್ಲಿದ್ದ ಮಾರ್ಸಿಯಾ ವಿಲಿಯಮ್ಸ್, ಬರ್ನಾರ್ಡ್ ಡೊನಹ್ಯೂ ಅಂಥವರು. ಮಂತ್ರಿ ಜಿಮ್ ಹ್ಯಾಕರ್ ಪಾತ್ರಕ್ಕೆ ಪಾಲ್ ಎಡಿಂಗ್ಟನ್. ಯಾವ ಫೈಲನ್ನು ಎಲ್ಲಿ ಹೂಳಬೇಕು ಅಂತ ಬಲ್ಲ ಕಾರ್ಯದರ್ಶಿ ಸರ್ ಹಂಫ್ರಿ ಪಾತ್ರಕ್ಕೆ ನೈಜೆಲ್ ಹಾಥಾರ್ನ್. ಹ್ಯಾಕರ್ ಯಾವ ಪಕ್ಷದವನು? 38 ಕಂತು ನೋಡಿದರೂ ಗೊತ್ತಾಗಲ್ಲ. ಬೇಕಂತಲೇ ಹೇಳಲಿಲ್ಲ.

ಮಜಾ ಇರೋದೇ ಇಲ್ಲಿ. ಪಕ್ಷದ ಹೆಸರಿಲ್ಲ, ಹಾಗಾಗಿ ಯಾರಿಗೂ ನೋವಾಗಲಿಲ್ಲ. ಮಂತ್ರಿಗಳು ನೋಡಿದರು: ಹೌದು, ನಮ್ಮ ಅಧಿಕಾರಿಗಳು ನಮ್ಮನ್ನು ಹೀಗೇ ಕುಣಿಸ್ತಾರೆ ಅಂದರು. ಅಧಿಕಾರಿಗಳು ನೋಡಿದರು: ಹೌದು, ಇಂಥ ಮಂತ್ರಿಗಳನ್ನು ಕಟ್ಟಿಕೊಂಡೇ ನಾವು ದೇಶ ನಡೆಸ್ತಿರೋದು ಅಂತ ಬೀಗಿದರು. ಸಾಮಾನ್ಯ ವೀಕ್ಷಕ ನೋಡಿದ: ಇಬ್ಬರೂ ಸೇರಿ ನಮ್ಮನ್ನು ಮುಳುಗಿಸ್ತಿದ್ದಾರೆ ಅಂದ. ಕನ್ನಡಿ ಒಂದೇ. ಆದರೆ ಅದರಲ್ಲಿ ಎಲ್ಲರಿಗೂ ಕಂಡಿದ್ದು ಪಕ್ಕದವನ ಮುಖ!

ಒಂದು ಕಂತಿನ ಕಥೆ ಕೇಳಿ. 1981ರಲ್ಲಿ ಬಂದದ್ದು. ಲಂಡನ್ನಿನಲ್ಲೊಂದು ಹೊಸ ಸರ್ಕಾರಿ ಆಸ್ಪತ್ರೆ. ಆಡಳಿತ ಮತ್ತು ಇತರೆ ಸಿಬ್ಬಂದಿ 500 ಜನ. ರೋಗಿಗಳೆಷ್ಟು? ಸೊನ್ನೆ. ಒಬ್ಬ ರೋಗಿಯೂ ಇಲ್ಲದ್ದರಿಂದ ಸ್ವಚ್ಛತೆಯಲ್ಲಿ ಆ ಆಸ್ಪತ್ರೆಗೆ ಎಲ್ಲಿಲ್ಲದ ಹೆಸರು. ಬರೀ ಕಲ್ಪನೆ ಅನ್ಕೊಂಡ್ರಾ? ಅಂಥ ಖಾಲಿ ಆಸ್ಪತ್ರೆಗಳು, ಖಾಲಿ ವಾರ್ಡುಗಳು ಆಗ ನಿಜಕ್ಕೂ ಇದ್ದವು ಅಂತ ಬರಹಗಾರರು ಆಮೇಲೆ ಹೇಳಿದರು.

ಈಗ ಯೋಚನೆ ಮಾಡಿ. ಈ ಕಂತು ನೋಡಿ ನಕ್ಕವನು ಏನಂತ ತೀರ್ಮಾನ ಮಾಡಬೇಕು? ಹಣ ಕೊಟ್ಟು ಡಾಕ್ಟರ್, ನರ್ಸ್ ನೇಮಿಸಿ, ಆಸ್ಪತ್ರೆ ತೆರೀರಿ ಅನ್ನಬಹುದು. ಸರ್ಕಾರದ ಕೈಯಲ್ಲಿ ಆಸ್ಪತ್ರೆ ಇರೋದೇ ದಂಡ, ಖರ್ಚು ಕಡಿತ ಮಾಡಿ ಅಂತಲೂ ಅನ್ನಬಹುದು. ನಗು ಒಂದೇ, ತೀರ್ಪು ಎರಡು. ಥ್ಯಾಚರ್‌ಗೆ ಬೇಕಿದ್ದದ್ದು ಎರಡನೆಯದು. ಸರ್ಕಾರಿ ಯಂತ್ರದ ಗಾತ್ರ ಇಳಿಸಬೇಕು ಅಂತ ಹಟ ಹಿಡಿದಿದ್ದ ಪ್ರಧಾನಿಗೆ, ಆ ಯಂತ್ರವನ್ನೇ ಖಳನಾಯಕ ಮಾಡಿದ ಧಾರಾವಾಹಿ ಇಷ್ಟವಾಗದೇ ಇರುತ್ತಾ? 1984ರಲ್ಲಿ ಬ್ರಿಟಿಷ್ ಟೆಲಿಕಾಂ, 1986ರಲ್ಲಿ ಬ್ರಿಟಿಷ್ ಗ್ಯಾಸ್ ಖಾಸಗಿಯವರ ಪಾಲಾದವು. ಧಾರಾವಾಹಿಯಿಂದಲೇ ಇದೆಲ್ಲ ಆಯ್ತು ಅಂದ್ರೆ ಅತಿಶಯೋಕ್ತಿ. ಆದರೆ ಸರ್ಕಾರಿ ನೌಕರನೂ ಮೊದಲು ತನ್ನ ಲಾಭವನ್ನೇ ನೋಡ್ತಾನೆ ಅನ್ನೋ ಆರ್ಥಿಕ ಚಿಂತನೆ ತಮ್ಮ ಮೇಲೆ ಪ್ರಭಾವ ಬೀರಿತ್ತು ಅಂತ ಆಂಟನಿ ಜೇ ಮುಂದೆ ಬಹಿರಂಗವಾಗಿಯೇ ಹೇಳಿಕೊಂಡರು. 1988ರಲ್ಲಿ ಅವರಿಗೆ 'ಸರ್' ಪದವಿಯೂ ಬಂತು.

ಮತ್ತೆ ಆ ಸ್ಕಿಟ್‌ಗೆ ಬರೋಣ. ಎಡಿಂಗ್ಟನ್, ಹಾಥಾರ್ನ್ ಇಬ್ಬರಿಗೂ ಅದರಲ್ಲಿ ನಟಿಸೋಕೆ ಮನಸ್ಸಿರಲಿಲ್ಲ. ನಮ್ಮ ಜನಪ್ರಿಯತೆಯನ್ನು ಪ್ರಧಾನಿ ಬಳಸಿಕೊಳ್ತಿದ್ದಾರೆ ಅನ್ನೋ ಕಸಿವಿಸಿ. ಪ್ರಧಾನಿ ಕರೆದಾಗ ಇಲ್ಲ ಅನ್ನೋದು ಹೇಗೆ? ಬಂದರು, ಆಡಿದರು. ಸ್ಕಿಟ್ ಬರೆದದ್ದೂ ಜೇ, ಲಿನ್ ಅಲ್ಲ, ಅದು ಪ್ರಧಾನಿ ಕಡೆಯಿಂದಲೇ ಸಿದ್ಧವಾಗಿ ಬಂದದ್ದು. ಕೊನೆಗೆ ಮೈಕ್ ಹಿಡಿದ ಜೊನಾಥನ್ ಲಿನ್ ಒಂದೇ ಮಾತಲ್ಲಿ ಲೆಕ್ಕ ಚುಕ್ತಾ ಮಾಡಿದರು. ಪ್ರಧಾನಿಯವರು ಕೊನೆಗೂ ಹಾಸ್ಯ ಧಾರಾವಾಹಿಯಲ್ಲಿ ತಮಗೆ ಸಲ್ಲಬೇಕಾದ ಜಾಗ ಪಡೆದರು, ಅದಕ್ಕೆ ಧನ್ಯವಾದ ಅನ್ನೋ ಅರ್ಥದ ಮಾತು. ಸಭೆ ಗೊಳ್ಳೆಂದಿತು. ಪ್ರಧಾನಿ ಮಾತ್ರ ನಗಲಿಲ್ಲ.

ಆ ಇಡೀ ಸಂಜೆಯಲ್ಲಿ ನಿಜವಾಗಿ ತಾಗಿದ ವಿಡಂಬನೆ ಅದೊಂದೇ ಅಂತ ನನಗನ್ನಿಸುತ್ತೆ. ಯಾಕಂದ್ರೆ ಅದಕ್ಕೊಂದು ವಿಳಾಸ ಇತ್ತು. ಯಾರನ್ನು ಕುರಿತದ್ದು ಅಂತ ಎಲ್ಲರಿಗೂ ಗೊತ್ತಿತ್ತು, ಆಕೆಗೂ ಗೊತ್ತಾಯ್ತು.

ಈ ಧಾರಾವಾಹಿ ನಮ್ಮ ದೇಶಕ್ಕೂ ಬಂತು. 2001ರಲ್ಲಿ ಸ್ಟಾರ್ ಪ್ಲಸ್‌ನಲ್ಲಿ 'ಜೀ ಮಂತ್ರೀಜಿ' ಅಂತ ಹಿಂದಿ ರೂಪ. ಮಂತ್ರಿಯಾಗಿ ಫಾರೂಕ್ ಶೇಖ್, ಕಾರ್ಯದರ್ಶಿಯಾಗಿ ಜಯಂತ್ ಕೃಪಲಾನಿ. ಲಂಡನ್ನಿನ ಕಥೆ ದಿಲ್ಲಿಗೆ ತಂದರೂ ಅಪರಿಚಿತ ಅನ್ನಿಸಲಿಲ್ಲ. ಅನ್ನಿಸೋದಾದರೂ ಹೇಗೆ? ಬ್ರಿಟಿಷರು ಬಿಟ್ಟುಹೋದ ಫೈಲು, ಟಿಪ್ಪಣಿ, ಕೆಂಪು ಪಟ್ಟಿ ಎಲ್ಲ ನಮ್ಮ ಹತ್ತಿರ ಭದ್ರವಾಗಿಯೇ ಇದ್ದವು.

ವೀಕ್ಷಕರೇ, ರಾಜಕಾರಣಿಗಳೆಲ್ಲ ಹೀಗೇ ಬಿಡಿ ಅಂತ ನಗೋದು ಸುಲಭ. ಎಲ್ಲರೂ ಅಂದ ತಕ್ಷಣ ಯಾರೂ ಸಿಕ್ಕಿಬೀಳಲ್ಲ. ಅದಕ್ಕೇ ಅಂಥ ನಗು ಅಧಿಕಾರದಲ್ಲಿರೋರಿಗೆ ಬಲು ಇಷ್ಟ, ಬೇಕಿದ್ದರೆ ಜೊತೆಗೆ ಕೂತು ತಾವೂ ನಗ್ತಾರೆ. ಮುಂದಿನ ಸಲ ಇಂಥ ಕಾರ್ಯಕ್ರಮ ನೋಡುವಾಗ ಹೊಟ್ಟೆ ತುಂಬ ನಗಿ, ಬೇಡ ಅನ್ನಲ್ಲ. ಟಿವಿ ಆಫ್ ಮಾಡಿದ ಮೇಲೆ ನಿಮ್ಮ ತಾಲ್ಲೂಕು ಆಸ್ಪತ್ರೆಗೆ ಒಂದು ಸಲ ಹೋಗಿ ಬನ್ನಿ. ಹುದ್ದೆ ಎಷ್ಟು, ಡಾಕ್ಟರ್ ಎಷ್ಟು, ರೋಗಿ ಎಷ್ಟು ಅಂತ ಕೇಳಿ. ಆ ಪ್ರಶ್ನೆಗೆ ಮಾತ್ರ ಯಾರೂ ಜೊತೆಗೆ ಕೂತು ನಗಲ್ಲ.