ಹಳೆ ಬೈಕಿನ ಎಂಜಿನ್ ಸದ್ದು: ಬಿಚ್ಚಿಸುವ ಮೊದಲು ತಿಳಿಯುವುದು ಹೇಗೆ?

'ವಂಡಿಲ ಸತ್ತಂ ವರುದು' ಎಂದಷ್ಟೇ ಹೇಳಿ ಹಳೆ ಬೈಕನ್ನು ಮೆಕ್ಯಾನಿಕ್ ಕೈಗೆ ಒಪ್ಪಿಸಿದರೆ, ಟ್ಯಾಪೆಟ್ ಸರಿಮಾಡಿದರೆ ಮುಗಿಯುವ ಕೆಲಸಕ್ಕೆ ಬೋರ್ ಮಾಡಿಸುವ ಖರ್ಚು ತಲೆಗೆ ಬೀಳಬಹುದು. ಸದ್ದು ಎಲ್ಲಿಂದ, ಯಾವಾಗ ಬರುತ್ತದೆ ಎಂಬುದನ್ನು ಮೊದಲು ನೀವೇ ಗುರುತಿಸಿಕೊಳ್ಳಿ.

ಆಯಿಲ್ ಮಟ್ಟ ನೋಡಿ. ಅದು ಕಡಿಮೆಯಿದ್ದರೆ ಒಳ್ಳೆಯ ಎಂಜಿನ್ ಕೂಡ ಸದ್ದು ಮಾಡುತ್ತದೆ. ನಂತರ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ ಮೇಲೆ ಅಲ್ಲಲ್ಲಿ ಒತ್ತಿ, ಹಿಡಿಯನ್ನು ಕಿವಿಯ ಬಳಿ ಇಟ್ಟು ಕೇಳಿ.

ಫೋರ್ ಸ್ಟ್ರೋಕ್ ಬೈಕಿನಲ್ಲಿ ಮೇಲ್ಭಾಗದ ಹೆಡ್‌ನಿಂದ ಟಿಕ್ ಟಿಕ್ ಎಂದರೆ ಸಾಮಾನ್ಯವಾಗಿ ಟ್ಯಾಪೆಟ್. ಎಂಜಿನ್ ತಣ್ಣಗಿದ್ದಾಗ ಸರಿಮಾಡಿಸಬೇಕು. ಸದ್ದು ಪೂರ್ತಿ ನಿಲ್ಲಲಿ ಎಂದು ಬಿಗಿ ಮಾಡಿಸಬೇಡಿ, ವಾಲ್ವ್ ಸರಿಯಾಗಿ ಮುಚ್ಚದೆ ಸುಟ್ಟುಹೋಗುತ್ತದೆ. ಸ್ವಲ್ಪ ಟಿಕ್ ಟಿಕ್ ಇದ್ದರೇ ವಾಸಿ. ಪಕ್ಕದಿಂದ ಕರಕರ ಎಂದರೆ ಟೈಮಿಂಗ್ ಚೈನ್ ಸಡಿಲವಾಗಿರಬಹುದು. ಕ್ಲಚ್ ಹಿಡಿದಾಗ ಸದ್ದು ಬದಲಾದರೆ ಕ್ಲಚ್ ಕಡೆ ನೋಡಬೇಕು.

ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಟೊಕ್ ಟೊಕ್ ಎಂದು, ಬಿಸಿಯಾದ ಮೇಲೆ ಕಡಿಮೆಯಾದರೆ ಪಿಸ್ಟನ್ ಸವೆದಿದೆ. ಇನ್ನೂ ಕೆಲವು ಕಾಲ ಓಡಿಸಬಹುದು. ಆದರೆ ಕೆಳಗಿನಿಂದ ದಪ್ಪ ದನಿಯ ಬಡಿತ ಕೇಳಿ, ಭಾರ ಎಳೆಯುವಾಗ ಜೋರಾದರೆ ಕನೆಕ್ಟಿಂಗ್ ರಾಡ್ ಬೇರಿಂಗ್ ಹೋಗಿರುವ ಸಾಧ್ಯತೆ ಹೆಚ್ಚು. ಆ ಬೈಕನ್ನು ಊರಾಚೆ ಒಯ್ಯಲೇಬೇಡಿ. ಓಡುತ್ತಿರುವಾಗಲೇ ಎಂಜಿನ್ ಜಾಮ್ ಆದರೆ ಹಿಂದಿನ ಚಕ್ರವೂ ಕಚ್ಚಿಕೊಂಡು ನಿಲ್ಲುತ್ತದೆ, ಹಿಂದೆ ಲಾರಿ ಇದ್ದರೆ ಹೇಳುವುದೇ ಬೇಡ.

ಹೊಗೆಯ ಪರೀಕ್ಷೆಗೆ ನಮ್ಮ ತೊಪ್ಪೂರು ಘಾಟಿಯೇ ಸಾಕು. ಧರ್ಮಪುರಿ ಕಡೆಯಿಂದ ಆಕ್ಸಿಲರೇಟರ್ ಬಿಟ್ಟು, ಗೇರಿನಲ್ಲೇ ಇಳಿದು, ಕೆಳಗೆ ಮತ್ತೆ ತಿರುಗಿಸಿದಾಗ ಒಮ್ಮೆ ನೀಲಿ ಹೊಗೆ ಬಂದರೆ ವಾಲ್ವ್ ಸೀಲ್ ಹೋಗಿರಬಹುದು. ಸೇಲಂ ಕಡೆಯಿಂದ ಏರುವಾಗ ಬಿಡದೆ ಬಂದರೆ ರಿಂಗ್ ಅಥವಾ ಬೋರ್ ಮೇಲೆ ಅನುಮಾನ. ಸೀಲ್ ಬದಲಿಸಲು ಖರ್ಚು ತೀರಾ ಕಡಿಮೆ.

ಇನ್ನೊಂದು ಪರೀಕ್ಷೆ: ಕಿಕ್ ಹಗುರವಾಗಿದ್ದರೆ ಇಗ್ನಿಷನ್ ಆಫ್ ಮಾಡಿ, ಪ್ಲಗ್ ಬಿಚ್ಚಿ, ಆ ತೂತಿನಲ್ಲಿ ಒಂದು ಚಮಚ ಎಂಜಿನ್ ಆಯಿಲ್ ಹಾಕಿ. ಪ್ಲಗ್ ಹಾಕಿ ಕೈಯಿಂದ ಕಿಕ್ ಒತ್ತಿ ನೋಡಿ. ಈಗ ಗಟ್ಟಿಯಾದರೆ ರಿಂಗ್, ಬೋರ್ ಸವೆದಿವೆ. ಹಾಗೆಯೇ ಇದ್ದರೆ ವಾಲ್ವ್ ಸೋರುತ್ತಿರಬಹುದು.

2004ರವರೆಗೆ ಧರ್ಮಪುರಿ ಜಿಲ್ಲೆಯಲ್ಲಿದ್ದ ಹೊಸೂರಿನ ಟಿವಿಎಸ್-ಸುಜುಕಿಯ ಬಹುತೇಕ ಹಳೆ ಬೈಕುಗಳು, 1996ರಲ್ಲಿ ಮುಚ್ಚಿದ ಮೈಸೂರು ಕಾರ್ಖಾನೆಯ ಯೆಜ್ಡಿ, ಯಮಹಾ ಆರ್‌ಎಕ್ಸ್ 100 ಇವೆಲ್ಲ ಟೂ ಸ್ಟ್ರೋಕ್. ಇವುಗಳಲ್ಲಿ ಟ್ಯಾಪೆಟ್ ಇಲ್ಲವೇ ಇಲ್ಲ. ಯಾರಾದರೂ ಇವುಗಳ ಟ್ಯಾಪೆಟ್ ಸರಿಮಾಡುತ್ತೇನೆ ಎಂದರೆ ಬೈಕನ್ನು ವಾಪಸ್ ತನ್ನಿ! ಪೆಟ್ರೋಲಿಗೆ ಆಯಿಲ್ ಸೇರುವುದರಿಂದ ತುಸು ಹೊಗೆಯೂ ಸಹಜ.

ಏರಿನಲ್ಲಿ ಟಾಪ್ ಗೇರಿನಲ್ಲಿ ಕಿಣಿಕಿಣಿ ಎಂದು, ಗೇರ್ ಇಳಿಸಿದೊಡನೆ ನಿಂತರೆ ಅದು ಸವೆತವಲ್ಲ. ಕಾರ್ಬನ್ ಮತ್ತು ಟೈಮಿಂಗ್ ನೋಡಿಸಿ.

ಬೋರ್ ಮಾಡಿಸಲೇಬೇಕಾದರೆ ಸಿಲಿಂಡರನ್ನು ಲೇತ್‌ನಲ್ಲಿ ಎದುರಿಗೇ ಅಳೆಯಿಸಿ. 0.25 ಮಿ.ಮೀ. ಓವರ್‌ಸೈಜ್ ಪಿಸ್ಟನ್ ಸಾಕಾಗುವಲ್ಲಿ 0.50 ಹಾಕಿಸಿದರೆ, ಮುಂದೆ ಮಾಡಿಸಬಹುದಾದ ಒಂದು ಬೋರ್ ನಷ್ಟವಾದಂತೆ.