ಹ್ಯಾಂಟಾ ವೈರಸ್ ಹೊತ್ತ ಇಲಿಗೆ ಕಾಯಿಲೆ ಯಾಕೆ ಬರುವುದಿಲ್ಲ?

ಕೋವಿಡ್ ಕಾಲದಲ್ಲಿ ‘ಆಂಟಿಬಾಡಿ’ ನಮ್ಮೆಲ್ಲರ ಮನೆಮಾತಾಯಿತು. ರಕ್ತದಲ್ಲಿ ಆಂಟಿಬಾಡಿ, ಅಂದರೆ ಪ್ರತಿಕಾಯ ಸಿಕ್ಕಿತೆಂದರೆ ವೈರಸ್ ಬಂದು ಹೋಗಿದೆ ಎಂದು ನಾವು ಲೆಕ್ಕ ಹಾಕುತ್ತೇವೆ. ಹ್ಯಾಂಟಾ ವೈರಸ್ ಹೊತ್ತ ಇಲಿಗಳಲ್ಲಿ ಈ ಲೆಕ್ಕ ತಲೆಕೆಳಗಾಗುತ್ತದೆ. ಅಲ್ಲಿ ಪ್ರತಿಕಾಯ ಸಿಕ್ಕಿತೆಂದರೆ ವೈರಸ್ ಇನ್ನೂ ಒಳಗೇ ಇರುವ ಸಾಧ್ಯತೆ ಹೆಚ್ಚು.

1993ರಲ್ಲಿ ಅಮೆರಿಕದ ನ್ಯೂ ಮೆಕ್ಸಿಕೊ, ಅರಿಜೋನಾ, ಕೊಲರಾಡೊ, ಯೂಟಾ ರಾಜ್ಯಗಳು ಕೂಡುವ ಪ್ರದೇಶದಲ್ಲಿ ಗಟ್ಟಿಮುಟ್ಟಾದ ಯುವಜನರು ಇದ್ದಕ್ಕಿದ್ದಂತೆ ಉಸಿರುಗಟ್ಟಿ ಸಾಯತೊಡಗಿದರು. ಅವರ ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳುತ್ತಿತ್ತು. ಕಾರಣ ಹೊಸದೊಂದು ಹ್ಯಾಂಟಾ ವೈರಸ್ ಎಂದು ಕೆಲವೇ ವಾರಗಳಲ್ಲಿ ಗೊತ್ತಾಯಿತು. ಅದಕ್ಕೆ ಕೊನೆಗೆ ‘ಸಿನ್ ನೊಂಬ್ರೆ’ ಎಂದು ಹೆಸರಿಟ್ಟರು. ಸ್ಪ್ಯಾನಿಷ್‌ನಲ್ಲಿ ‘ಹೆಸರಿಲ್ಲದ್ದು’ ಎಂದರ್ಥ! ಅದನ್ನು ಹೊತ್ತು ತಿರುಗುತ್ತಿದ್ದದ್ದು ‘ಡೀರ್ ಮೌಸ್’ ಎಂಬ ಪುಟ್ಟ ಕಾಡಿಲಿ. ಒಳ್ಳೆಯ ಮಳೆಯಾಗಿ ಕಾಳುಬೀಜ ಹೇರಳವಾಗಿ ಸಿಕ್ಕಿದ್ದರಿಂದ ಅವುಗಳ ಸಂಖ್ಯೆ ಏರಿತ್ತು. ಉಸಿರಾಟದ ತೊಂದರೆಯವರೆಗೆ ಹೋದ ರೋಗಿಗಳಲ್ಲಿ ನೂರಕ್ಕೆ ಸುಮಾರು 38 ಮಂದಿ ಸಾಯುತ್ತಾರೆ. ಆ ಇಲಿ ಮಾತ್ರ ಆರಾಮಾಗಿ ಓಡಾಡಿಕೊಂಡಿರುತ್ತದೆ.

ಹಾಗಾದರೆ ಇಲಿಯ ರೋಗನಿರೋಧಕ ವ್ಯವಸ್ಥೆ ಮಲಗಿದೆಯೇ? ಇಲ್ಲ. ಸೋಂಕು ತಗುಲಿದ ಕೆಲವು ವಾರಗಳಲ್ಲಿ ಪ್ರತಿಕಾಯಗಳು ಸಿದ್ಧವಾಗುತ್ತವೆ, ವೈರಸ್ ಪ್ರಮಾಣವೂ ಇಳಿಯುತ್ತದೆ. ಆದರೆ ಪೂರ್ತಿ ಹೋಗುವುದಿಲ್ಲ. ಶ್ವಾಸಕೋಶದಂಥ ಅಂಗಗಳಲ್ಲಿ ಉಳಿದುಕೊಂಡು ಜೊಲ್ಲು, ಮೂತ್ರ, ಹಿಕ್ಕೆಗಳಲ್ಲಿ ಆಗಾಗ ಹೊರಬೀಳುತ್ತಿರುತ್ತದೆ.

ಇದಕ್ಕೊಂದು ಸುಳಿವು 2007ರಲ್ಲಿ ಸಿಕ್ಕಿತು. ನಮ್ಮ ದೇಹದಲ್ಲಿರುವಂತೆಯೇ ಇಲಿಯಲ್ಲೂ ‘ನಿಯಂತ್ರಕ ಟಿ ಕೋಶ’ಗಳಿವೆ. ದಾಳಿ ಮಾಡುವ ಕೋಶಗಳು ಅತಿಯಾಗಿ ಕೆರಳಿ ಸ್ವಂತ ಅಂಗಾಂಶವನ್ನೇ ಹಾಳುಗೆಡಹದಂತೆ ಲಗಾಮು ಹಿಡಿಯುವುದು ಇವುಗಳ ಕೆಲಸ. ಸೋಲ್ ವೈರಸ್ (ಇದೂ ಒಂದು ಹ್ಯಾಂಟಾ) ತಗುಲಿದ ಗಂಡು ಕಂದು ಇಲಿಗಳ ಶ್ವಾಸಕೋಶದಲ್ಲಿ ಈ ಕೋಶಗಳ ಚಟುವಟಿಕೆ ಹೆಚ್ಚಾಗಿತ್ತು. ಅವನ್ನು ನಿಷ್ಕ್ರಿಯಗೊಳಿಸಿದಾಗ ವೈರಸ್ ಕಡಿಮೆಯಾಯಿತು. ಅದೇ ವರ್ಷ ಡೀರ್ ಮೌಸ್‌ನಲ್ಲೂ ಇಂಥದೇ ಲಕ್ಷಣಗಳು ಕಂಡವು. ಅಂದರೆ ಲಗಾಮು ಬಿಗಿಯಾಗಿರುವುದರಿಂದ ಇಲಿಯ ಶ್ವಾಸಕೋಶಕ್ಕೆ ಹಾನಿಯಾಗುವುದಿಲ್ಲ. ಅದೇ ಕಾರಣಕ್ಕೆ ವೈರಸ್‌ಗೂ ಉಳಿದುಕೊಳ್ಳಲು ಜಾಗ ಸಿಗುತ್ತದೆ.

ಮನುಷ್ಯನಲ್ಲಿ ಆಗುವುದು ಇದಕ್ಕೆ ವಿರುದ್ಧ. ಈ ವೈರಸ್ ರಕ್ತನಾಳಗಳ ಒಳಪದರದ ಕೋಶಗಳನ್ನು ಹೊಕ್ಕರೂ ಅವುಗಳನ್ನು ನೇರವಾಗಿ ಕೊಲ್ಲುವುದಿಲ್ಲ. ನಮ್ಮದೇ ರೋಗನಿರೋಧಕ ವ್ಯವಸ್ಥೆ ಜೋರಾಗಿ ಕೆರಳುತ್ತದೆ, ಸೂಕ್ಷ್ಮ ರಕ್ತನಾಳಗಳು ಸೋರತೊಡಗುತ್ತವೆ. ‘ರೋಗನಿರೋಧಕ ಶಕ್ತಿ ಹೆಚ್ಚಿದ್ದಷ್ಟೂ ಒಳ್ಳೆಯದು’ ಎಂದು ಪುಡಿ, ಕಷಾಯ ಮಾರುವವರು ಈ ಭಾಗವನ್ನು ಹೇಳುವುದಿಲ್ಲ.

ಇಲಿಗೆ ಏನೂ ಆಗುವುದಿಲ್ಲ ಎಂಬ ಮಾತೂ ಪೂರ್ತಿ ನಿಜವಲ್ಲ. ಯುರೋಪಿನ ಪೂಮಲಾ ಎಂಬ ಹ್ಯಾಂಟಾ ವೈರಸ್ ತಗುಲಿದ ಕಾಡಿಲಿಗಳು ಚಳಿಗಾಲ ದಾಟಿ ಬದುಕುವುದು ಕಡಿಮೆ ಎಂದು ಫಿನ್ಲೆಂಡ್‌ನ ಅಧ್ಯಯನವೊಂದು ತೋರಿಸಿದೆ. ಇನ್ನು, ಮರಿಗಳಿಗೆ ತಾಯಿಯಿಂದ ಬಂದ ಪ್ರತಿಕಾಯ ಕೆಲಕಾಲ ರಕ್ಷಣೆ ಕೊಡುತ್ತದೆ. ಕಚ್ಚಾಡುವ ವಯಸ್ಕ ಗಂಡಿಲಿಗಳಲ್ಲೇ ಸೋಂಕು ಸಾಮಾನ್ಯವಾಗಿ ಹೆಚ್ಚು.

ಭಾರತದ ಮಟ್ಟಿಗೆ ಹೇಳುವುದಾದರೆ, 1964ರಲ್ಲೇ ವೆಲ್ಲೂರಿನಲ್ಲಿ ಸೊಂಡಿಲಿಯೊಂದರಿಂದ ‘ತೊಟ್ಟಪಾಳ್ಯಂ’ ವೈರಸ್ ಪ್ರತ್ಯೇಕಿಸಲಾಗಿತ್ತು. ಅದೂ ಹ್ಯಾಂಟಾ ಬಳಗದ್ದೆಂದು ಆಮೇಲೆ ತಿಳಿಯಿತು. (ಹೆಸರಲ್ಲಿ ಇಲಿ ಇದ್ದರೂ ಸೊಂಡಿಲಿ ಇಲಿಯ ಜಾತಿಯದಲ್ಲ.) ನಮ್ಮಲ್ಲಿ ‘ಇಲಿ ಜ್ವರ’ ಎನ್ನುವುದು ಬೇರೆಯೇ ಕಾಯಿಲೆ, ಅದು ಲೆಪ್ಟೊಸ್ಪೈರಾ ಎಂಬ ಬ್ಯಾಕ್ಟೀರಿಯಾದಿಂದ ಬರುತ್ತದೆ.

ಎಲ್ಲಿದ್ದರೂ ಇಲಿ ನೋಡಲು ಚೆನ್ನಾಗಿದೆ ಎಂದು ನಂಬಬೇಡಿ. ಮುಚ್ಚಿಟ್ಟ ಕೋಣೆಯಲ್ಲಿ ಒಣಗಿದ ಹಿಕ್ಕೆ ಕಂಡರೆ ಪೊರಕೆ ಹಿಡಿಯಬೇಡಿ, ಏಳುವ ಧೂಳೇ ಅಪಾಯ. ಮೊದಲು ಕಿಟಕಿ ಬಾಗಿಲು ತೆರೆದು ಅರ್ಧ ಗಂಟೆ ಹೊರಗಿರಿ. ನಂತರ ಕೈಗವಸು ತೊಟ್ಟು, ಬ್ಲೀಚಿಂಗ್ ದ್ರಾವಣ ಚಿಮುಕಿಸಿ ಐದು ನಿಮಿಷ ನೆನೆಯಲು ಬಿಟ್ಟು, ಒರೆಸಿ ತೆಗೆಯಿರಿ.